ಫೀನಿಕ್ಸ್ ಗಾಳಿಗೆ ನಿಲ್ಲುವ ಬೇಲಿ: ಹೊಸದಾಗಿ ಮನೆ ತೆಗೆದುಕೊಂಡವರಿಗೆ

ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಫೀನಿಕ್ಸ್ ಪಕ್ಕದ ಊರುಗಳಾದ ಚಾಂಡ್ಲರ್, ಗಿಲ್ಬರ್ಟ್, ಕ್ವೀನ್ ಕ್ರೀಕ್ ಕಡೆ ಮನೆ ತೆಗೆದುಕೊಳ್ಳುವ ನಮ್ಮವರು ಬಾಗಿಲು ಯಾವ ದಿಕ್ಕಿಗಿದೆ, ಸ್ಕೂಲ್ ಹೇಗಿದೆ, ಎಸಿ ಎಷ್ಟು ಹಳೆಯದು ಎಂದೆಲ್ಲ ಕೇಳುತ್ತಾರೆ. ಹಿತ್ತಲ ಬೇಲಿಯ ಬಗ್ಗೆ ಯಾರೂ ಕೇಳುವುದಿಲ್ಲ. ಜುಲೈನ ಮೊದಲ ಬಿರುಗಾಳಿ ಮುಗಿದ ಬೆಳಿಗ್ಗೆ ಅದರ ಎರಡು ಅಂಕಣ (ಕಂಬದಿಂದ ಕಂಬಕ್ಕೆ ಒಂದು ತುಂಡು) ಪಕ್ಕದ ಮನೆಯವರ ಹಿತ್ತಲಲ್ಲಿ ಬಿದ್ದಿರುವಾಗ ವಿಚಾರಣೆ ಶುರುವಾಗುತ್ತದೆ.

ಇಲ್ಲಿನ ಮಾನ್ಸೂನ್ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ. ಹೆಸರು ಒಂದೇ ಆದರೂ ನಮ್ಮ ಮುಂಗಾರಿನ ಹಾಗೆ ಇದು ದಿನಗಟ್ಟಲೆ ಸುರಿಯುವುದಿಲ್ಲ. ಗುಡುಗಿನ ಮೋಡದಿಂದ ತಣ್ಣನೆಯ ಗಾಳಿ ಒಮ್ಮೆಗೇ ನೆಲಕ್ಕೆ ಕುಸಿದು ನಾಲ್ಕೂ ಕಡೆ ಹರಡುತ್ತದೆ. ಅದು ಎಬ್ಬಿಸಿಕೊಂಡು ಬರುವ ದೂಳಿನ ಗೋಡೆಗೆ ಹಬೂಬ್ ಎನ್ನುತ್ತಾರೆ. 2011ರ ಜುಲೈ 5ರಂದು ಬಂದದ್ದು ಇಡೀ ಊರನ್ನೇ ಮುಚ್ಚಿಹಾಕಿತ್ತು. ಗಂಟೆಗೆ 60 ಮೈಲಿಯ ಬೀಸು ಇಲ್ಲಿ ಅಪರೂಪವಲ್ಲ.

ಆ ಬೀಸು ಬೇಲಿಗೆ ಏನು ಮಾಡುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ನೋಡಬೇಕು. ವೇಗವನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು 0.00256ರಿಂದ ಗುಣಿಸಿದರೆ ಒಂದು ಚದರ ಅಡಿಯ ಮೇಲೆ ಎಷ್ಟು ಪೌಂಡ್ ಒತ್ತಡ ಎಂಬುದು ಸಿಗುತ್ತದೆ. 60 ಮೈಲಿಗೆ ಅದು ಸುಮಾರು 9.2. ಸಂದಿಯೇ ಇಲ್ಲದ 6 ಅಡಿ ಎತ್ತರ, 8 ಅಡಿ ಅಗಲದ ಒಂದು ಅಂಕಣ ಎಂದರೆ 48 ಚದರ ಅಡಿ, ಅಂದರೆ ಹೆಚ್ಚುಕಡಿಮೆ 440 ಪೌಂಡ್. ಒಂದೊಂದು ಅಂಕಣವನ್ನೂ 200 ಕಿಲೋ ಭಾರ ಅಡ್ಡಕ್ಕೆ ತಳ್ಳಿದ ಹಾಗೆ. ವೇಗ 70 ಆದರೆ ಇದೇ 600 ಪೌಂಡ್ ಮುಟ್ಟುತ್ತದೆ. ಅದನ್ನೆಲ್ಲ ತಡೆಯಬೇಕಾದದ್ದು ನೆಲದೊಳಗೆ ಹೂತಿರುವ ಎರಡು ಮೂರು ಅಡಿ ಕಂಬ.

ಆದ್ದರಿಂದ ಈ ಊರಿನಲ್ಲಿ ಬಾಳುವ ಬೇಲಿ ಎರಡೇ ಬಗೆ. ಒಂದು, ಗಾಳಿಗೆ ಎದೆಯೊಡ್ಡಿ ನಿಲ್ಲುವಷ್ಟು ತೂಕವೂ ಒಳಗೆ ಕಬ್ಬಿಣವೂ ಇರುವ ಕಾಂಕ್ರೀಟ್ ಬ್ಲಾಕ್ ಗೋಡೆ. ಇನ್ನೊಂದು, ಗಾಳಿಯನ್ನು ತನ್ನೊಳಗಿಂದ ಹಾಯಲು ಬಿಡುವ ಬೇಲಿ. ಹಗುರವೂ ಆಗಿ, ಸಂದಿಯೂ ಇಲ್ಲದೆ ಮುಚ್ಚಿಕೊಂಡಿರುವುದೇ ಬೀಳುವುದು: ಒತ್ತೊತ್ತಾಗಿ ಹೊಡೆದ ಮರದ ಹಲಗೆ, ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಪ್ಯಾನೆಲ್, ಈಗ ಫ್ಯಾಷನ್ ಆಗಿರುವ ಸುಕ್ಕುತಗಡು. ಚೈನ್‌ಲಿಂಕ್ ಜಾಲರಿ ತಾನಾಗಿ ಗಟ್ಟಿ. ಮರೆ ಬೇಕೆಂದು ಅದಕ್ಕೆ ಹಸಿರು ನೆರಳುಬಟ್ಟೆ ಕಟ್ಟಿದ ದಿನದಿಂದ ಅದು ಹಾಯಿದೋಣಿಯ ಹಾಯಿ.

ಬ್ಲಾಕ್ ಗೋಡೆ

ಇಲ್ಲಿನ ಬಡಾವಣೆಗಳಲ್ಲಿ ಹೆಚ್ಚಿನ ಮನೆಗಳಿಗೆ ಹಿಂದಿನ ಮೂರು ಕಡೆ ಇದೇ ಇರುತ್ತದೆ. ನಮ್ಮ ಕಾಂಪೌಂಡ್ ಗೋಡೆಯ ತಮ್ಮ ಎನ್ನಬಹುದು, ಆದರೆ ಅದಕ್ಕಿಂತ ತೆಳು. ನಡುನಡುವೆ ದಪ್ಪ ಕಂಬ ಕಟ್ಟಿ, ಅದರ ಪೊಳ್ಳಿನಲ್ಲಿ ಪಾಯದಿಂದಲೇ ಎದ್ದ ಕಬ್ಬಿಣದ ಸರಳು ನಿಲ್ಲಿಸಿ, ಪೊಳ್ಳಿಗೆ ಗ್ರೌಟ್, ಅಂದರೆ ನೀರಾಗಿ ಕಲಸಿದ ಕಾಂಕ್ರೀಟ್, ತುಂಬಿರುತ್ತಾರೆ. ಗೋಡೆಯ ಜೀವ ಅಲ್ಲಿದೆ. ಹೊಸದಾಗಿ ಕಟ್ಟಿಸುವುದಾದರೆ ಸರಳು ಎಷ್ಟು ಅಡಿಗೊಂದು, ಯಾವ ಪೊಳ್ಳುಗಳಿಗೆ ಗ್ರೌಟ್ ಎಂದು ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಗ್ರೌಟ್ ಸುರಿಯುವ ದಿನ ಮನೆಯಲ್ಲೇ ಇರಿ, ಮೇಲೆ ಮುಚ್ಚಿದ ಮೇಲೆ ನೋಡಲು ಏನೂ ಉಳಿಯುವುದಿಲ್ಲ. 16 ಇಂಚು ಉದ್ದ, 8 ಇಂಚು ಎತ್ತರದ ಬ್ಲಾಕಿನಲ್ಲಿ 50 ಅಡಿ ಉದ್ದ, 6 ಅಡಿ ಎತ್ತರಕ್ಕೆ 338 ಬ್ಲಾಕ್ ಬೇಕು. ಒಡೆದುಹೋಗುವುದನ್ನೂ ಸೇರಿಸಿ 355 ಎಂದು ಕೊಟೇಶನ್ ಬಂದರೆ ಸರಿ, 450 ಎಂದು ಬಂದರೆ ಯಾಕೆ ಎಂದು ಕೇಳಿ.

ಹೊಸಬರು ಮಾಡುವ ಮೂರು ತಪ್ಪುಗಳಿವೆ. ಹಿಂದಿನ ಎರಡಂತಸ್ತಿನ ಮನೆಯವರಿಗೆ ಕಾಣುತ್ತದೆಂದು ಇರುವ ಗೋಡೆಯ ಮೇಲೆ ಎರಡು ವರಸೆ ಏರಿಸುವುದು ಮೊದಲನೆಯದು. ಪಾಯ ಹಾಕಿದ್ದು ಮೊದಲಿನ ಎತ್ತರಕ್ಕೆ, ಎಂಜಿನಿಯರ್ ನೋಡದೆ ಒಂದು ಬ್ಲಾಕೂ ಏರಿಸಬಾರದು. ಎರಡನೆಯದು, ಕರಿಬೇವು, ಮಲ್ಲಿಗೆಗೆಂದು ಗೋಡೆಗೊರಗಿಸಿ ಎರಡಡಿ ಮಣ್ಣು ಪೇರಿಸುವುದು. ಅದು ಮಣ್ಣು ತಡೆಯಲು ಕಟ್ಟಿದ ಗೋಡೆಯಲ್ಲ. ದಿನಾ ಹನಿಸುವ ನೀರಿಗೆ ಮಣ್ಣು ಭಾರವಾಗಿ ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ, ನೀರಿನ ಜೊತೆ ಉಪ್ಪು ಏರಿ ಬ್ಲಾಕಿನ ಮೈಯೆಲ್ಲ ಬೆಳ್ಳಗೆ ಉದುರುತ್ತದೆ. ಗಿಡಕ್ಕೆ ಗೋಡೆಯಿಂದ ಒಂದೆರಡು ಅಡಿ ಜಾಗ ಬಿಡಿ. ಮೂರನೆಯದು, ನಾಯಿ ನುಸುಳುತ್ತದೆ, ಹಾವು ಬರುತ್ತದೆ ಎಂದು ಗೋಡೆಯ ಬುಡದ ನೀರಿನ ಕಿಂಡಿಗೆ ಗಾರೆ ಮೆತ್ತುವುದು. ಅರ್ಧ ಗಂಟೆಯಲ್ಲಿ ಸುರಿಯುವ ಮಳೆಗೆ ಹೋಗಲು ಬೇರೆ ದಾರಿ ಇರುವುದಿಲ್ಲ. ಕಿಂಡಿಗೆ ಕಾಲಿಂಚು ಕಣ್ಣಿನ ತಂತಿ ಜಾಲರಿ ಕೂರಿಸಿ, ಎಲೆ ಕಸ ಆಗಾಗ ತೆಗೆಯಿರಿ. ಚೇಳಿಗೆ ಮಾತ್ರ ಜಾಲರಿ ಲೆಕ್ಕಕ್ಕಿಲ್ಲ. ಅವು ಬ್ಲಾಕಿನ ಪೊಳ್ಳಿನಲ್ಲೇ ಸಂಸಾರ ಹೂಡುತ್ತವೆ. ರಾತ್ರಿ ಯುವಿ ಟಾರ್ಚ್ ಹಿಡಿದು ನೋಡಿದರೆ ಗೋಡೆಯ ಮೇಲೆ ಹಸಿರಾಗಿ ಹೊಳೆಯುವುದು ಕಾಣುತ್ತದೆ.

ಗಾಳಿ ಹಾಯಲು ಬಿಡುವ ಬೇಲಿ

ವಾಶ್ (ಮಳೆ ಬಂದಾಗ ಮಾತ್ರ ಹರಿಯುವ ಒಣ ಹಳ್ಳ) ಅಥವಾ ಬಯಲಿಗೆ ಮುಖ ಮಾಡಿದ ಮನೆಗಳಿಗೆ ಉಕ್ಕಿನ ಸರಳಿನ ಬೇಲಿ ಇರುತ್ತದೆ. ಗಾಳಿಗೆ ಅದರ ಮೇಲೆ ಹಿಡಿತವೇ ಇಲ್ಲ. ಅದು ಕೆಡುವುದು ಬುಡದಲ್ಲಿ, ಸ್ಪ್ರಿಂಕ್ಲರ್ ನೀರು ಎರಚಿ ಬಣ್ಣ ಬಿಟ್ಟು ತುಕ್ಕು ಹಿಡಿದಾಗ. ಮೊದಲು ಸ್ಪ್ರಿಂಕ್ಲರ್ ತಲೆಯನ್ನು ಬೇರೆ ಕಡೆ ತಿರುಗಿಸಿ, ಬಣ್ಣ ಆಮೇಲೆ.

ಮರೆಯೂ ಬೇಕು, ಗಾಳಿಯೂ ಹಾಯಬೇಕು ಎಂದರೆ ಒಂದು ಹಲಗೆ ಈಚೆ, ಮುಂದಿನದು ಆಚೆ, ಅಂಚು ಒಂದರ ಮೇಲೊಂದು ತುಸು ಬರುವಂತೆ ಹೊಡೆಯುವ ಬೇಲಿ ಒಳ್ಳೆಯದು. ನೇರ ನೋಡಿದರೆ ಏನೂ ಕಾಣದು, ಗಾಳಿ ಪಕ್ಕಕ್ಕೆ ತಿರುಗಿ ನುಸುಳುತ್ತದೆ. ಅಡ್ಡ ಹಲಗೆಗಳ ನಡುವೆ ಒಂದಿಂಚು ಬಿಟ್ಟಿದ್ದೇವೆ, ಸಾಕಲ್ಲ ಎನ್ನುವವರಿದ್ದಾರೆ. ಐದೂವರೆ ಇಂಚಿನ ಹಲಗೆಗೆ ಒಂದಿಂಚು ಸಂದಿ ಎಂದರೆ ತೆರೆದದ್ದು ನೂರಕ್ಕೆ 15 ಪಾಲು ಮಾತ್ರ. ಅಂಥ ಬೇಲಿಯ ಕಂಬವನ್ನು ಪೂರ್ತಿ ಮುಚ್ಚಿದ ಬೇಲಿಗೆ ಹೂಳುವಷ್ಟೇ ಆಳಕ್ಕೆ ಹೂಳಿ.

ವಿನೈಲ್ ಬೇಕೇಬೇಕೆಂದರೆ ಬಿಳಿ ಅಥವಾ ತಿಳಿ ಮಣ್ಣಿನ ಬಣ್ಣ ಮಾತ್ರ. ಗಾಢ ಬಣ್ಣ ಈ ಬಿಸಿಲಿಗೆ ಕಾದು ಸೊಟ್ಟಗಾಗುತ್ತದೆ. 2023ರಲ್ಲಿ ಫೀನಿಕ್ಸ್ 110 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದರ ಮೇಲೆ 31 ದಿನ ಒಂದೇ ಸಮ ನಿಂತಿತ್ತು, ಅದು ನೆರಳಿನ ಲೆಕ್ಕ. ಎಂಟಡಿಯ ವಿನೈಲ್ ಪಟ್ಟಿ ಚಳಿಗಾಲದ ಬೆಳಗಿನಿಂದ ಬೇಸಿಗೆಯ ಮಧ್ಯಾಹ್ನಕ್ಕೆ ಕಾಲಿಂಚಾದರೂ ಹಿಗ್ಗುತ್ತದೆ. ಕಂಬದೊಳಗೆ ಎರಡೂ ಕಡೆ ಅಷ್ಟು ಜಾಗ ಬಿಡದೆ ಗಟ್ಟಿಯಾಗಿ ಕೂರಿಸಿದರೆ ಬಿಲ್ಲಿನ ಹಾಗೆ ಬಾಗಿ ಕಳಚಿಕೊಳ್ಳುತ್ತದೆ.

ಹಲಗೆ ಮರದ್ದೇ ಇರಲಿ, ಕಂಬ ಮಾತ್ರ ಉಕ್ಕಿನದಾಗಲಿ: ಎರಡೂಕಾಲಿಂಚಿಗೆ ಸ್ವಲ್ಪ ಮೇಲಿನ ವ್ಯಾಸದ, ದಪ್ಪ ಗೋಡೆಯ, ಸತು ಲೇಪಿಸಿದ ಪೈಪು. ಮರದ ಕಂಬ ಒಣಗುತ್ತ ತಿರುಚಿಕೊಳ್ಳುತ್ತದೆ. ಮರುಭೂಮಿ ಎಂದು ಗೆದ್ದಲಿಗೆ ಏನೂ ಕಡಿಮೆ ಇಲ್ಲ. ಹಲಗೆಗೆ ಮೊಳೆ ಬೇಡ, ಸತು ಲೇಪಿಸಿದ ಸ್ಕ್ರೂ ಹಾಕಿ. ಮರ ಹಿಗ್ಗಿ ಕುಗ್ಗಿ ಮೊಳೆಯನ್ನು ಒಂದೆರಡು ವರ್ಷದಲ್ಲಿ ಹೊರಗೆ ಉಗುಳುತ್ತದೆ.

ಗುಂಡಿ

ಮೊದಲು 811ಕ್ಕೆ ಫೋನ್ ಮಾಡಿ, ನೆಲದಡಿಯ ವೈರು ಪೈಪುಗಳನ್ನು ಗುರುತಿಸಿಕೊಡುವ ನಂಬರ್ ಅದು. ಅಗೆಯುವುದಕ್ಕೆ ಪೂರ್ತಿ ಎರಡು ಕೆಲಸದ ದಿನ ಮುಂಚೆ ತಿಳಿಸಬೇಕು, ದುಡ್ಡಿಲ್ಲ. ನೆಲದ ಮೇಲೆ ಬಣ್ಣ ಬಳಿದು ಹೋಗುತ್ತಾರೆ: ಕೆಂಪು ಕರೆಂಟು, ಹಳದಿ ಗ್ಯಾಸು, ಕಿತ್ತಳೆ ಫೋನು ಕೇಬಲ್ಲು, ನೀಲಿ ನೀರು, ಹಸಿರು ಒಳಚರಂಡಿ. ಗುರುತಿನ ಎರಡೂ ಪಕ್ಕ ಎರಡೆರಡು ಅಡಿ ಯಂತ್ರ ಇಡಬೇಡಿ, ಕೈಯಲ್ಲೇ ಅಗೆಯಿರಿ. ಮೀಟರಿನಿಂದ ಈಚೆಗಿನದು, ಅಂದರೆ ಗಿಡದ ಡ್ರಿಪ್ ಪೈಪು, ಈಜುಕೊಳದ ವೈರು, ಹಿತ್ತಲ ಒಲೆಯ ಗ್ಯಾಸು, ಇದನ್ನೆಲ್ಲ ಅವರು ಗುರುತಿಸುವುದಿಲ್ಲ.

ಕಂಬಗಳ ನಡುವೆ ಎಂಟಡಿ ಎಂಬುದು ಎಲ್ಲೆಡೆಯ ವಾಡಿಕೆ, ಇಲ್ಲಿ ಆರಡಿ ಮಾಡಿ. 48 ಅಡಿಗೆ ಎಂಟು ಅಂಕಣ, ಒಂಬತ್ತು ಕಂಬ. ಗುಂಡಿ 10 ಇಂಚು ಅಗಲ, 42 ಇಂಚು ಆಳ. ತಳದಲ್ಲಿ 6 ಇಂಚು ಜಲ್ಲಿ ಹಾಕಿ ಕುಟ್ಟಿ, ಅದರ ಮೇಲೆ 9 ಅಡಿಯ ಕಂಬ ನಿಲ್ಲಿಸಿದರೆ ಮೂರಡಿ ನೆಲದೊಳಗೆ, ಆರಡಿ ಮೇಲೆ. 80 ಪೌಂಡಿನ ಕಾಂಕ್ರೀಟ್ ಚೀಲ ಒಂದಕ್ಕೆ 0.6 ಘನ ಅಡಿ ಬರುತ್ತದೆ, ಗುಂಡಿಗೆ ಎರಡೂವರೆಗಿಂತ ತುಸು ಹೆಚ್ಚು ಚೀಲ ಬೇಕು. ಒಂಬತ್ತಕ್ಕೆ 24 ಆಗುತ್ತದೆ, 27 ತನ್ನಿ. ಹೆಚ್ಚಿನ ಮೂರು ಯಾಕೆಂದರೆ ಇಲ್ಲಿ ಗುಂಡಿ ದುಂಡಗೆ ಬರುವುದಿಲ್ಲ.

ಬರದಿರುವುದಕ್ಕೆ ಕಾರಣ ಕಲೀಚಿ. ಸುಣ್ಣ ಇಳಿದು ಇಳಿದು ಸಿಮೆಂಟಿನಂತೆ ಗಟ್ಟಿಯಾದ ಬಿಳಿ ಪದರ ಅದು, ಒಂದಡಿಗೇ ಸಿಗಬಹುದು. ಬಾಡಿಗೆಗೆ ತಂದ ಆಗರ್, ಅಂದರೆ ಗುಂಡಿ ಕೊರೆಯುವ ಯಂತ್ರ, ಅದರ ಮೇಲೆ ಕುಣಿಯುತ್ತದೆ, ಕೈ ತಿರುಚುತ್ತದೆ, ಇಳಿಯುವುದಿಲ್ಲ. ಆರಡಿಯ ಹಾರೆಯೋ ಎಲೆಕ್ಟ್ರಿಕ್ ಬ್ರೇಕರ್ ಯಂತ್ರವೋ ಬೇಕು. ಹಿಂದಿನ ರಾತ್ರಿ ಗುಂಡಿಗೆ ನೀರು ತುಂಬಿಟ್ಟರೆ ತೆಳು ಪದರ ಸ್ವಲ್ಪ ಸಡಿಲುತ್ತದೆ. ಬಿದ್ದ ಬೇಲಿಯ ಕಂಬ ಕಿತ್ತು ನೋಡಿ: ಬುಡದ ಕಾಂಕ್ರೀಟ್ ಹದಿನೆಂಟೇ ಇಂಚು, ಮೇಲೆ ಅಗಲ ಕೆಳಗೆ ಚೂಪು, ಬುಗುರಿಯ ಆಕಾರ. ಕೆಲಸದವರು ಕಲೀಚಿ ತಾಗಿದಲ್ಲಿಗೇ ನಿಲ್ಲಿಸಿರುತ್ತಾರೆ. ಅದಕ್ಕೇ ಕಾಂಕ್ರೀಟ್ ಸುರಿಯುವ ಮುಂಚೆ ಒಂದೊಂದು ಗುಂಡಿಗೂ ಟೇಪು ಇಳಿಸಿ ಅಳೆಯಿರಿ. ಅಳೆದರೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡವರ ಗುಂಡಿಯನ್ನು ಎರಡು ಸಲ ಅಳೆಯಿರಿ.

ಗುಂಡಿಗೆ ಒಣ ಪುಡಿ ಸುರಿದು ಮೇಲೆ ನೀರು ಹೊಯ್ಯುವ ಪದ್ಧತಿ ಬೇರೆ ಊರಿನಲ್ಲಿ ನಡೆಯಬಹುದು. ಇಲ್ಲಿನ ಒಣ ಮಣ್ಣು ಆ ನೀರನ್ನು ಮೊದಲೇ ಕುಡಿದುಬಿಡುತ್ತದೆ, ಸಿಮೆಂಟಿಗೆ ಉಳಿಯುವುದಿಲ್ಲ. ಗುಂಡಿಯ ಗೋಡೆಯನ್ನು ನೆನೆಸಿ, ಕಲಸಿದ ಕಾಂಕ್ರೀಟನ್ನೇ ಹಾಕಿ. ಸಲಾಕೆಯಿಂದ ತಿವಿದು ಗಾಳಿಗುಳ್ಳೆ ಬಿಡಿಸಿ. ಕಂಬದ ಎರಡು ಮೈಗೂ ಮಟ್ಟ ಹಿಡಿದು, ದಾರಕ್ಕೆ ಸರಿಯಾಗಿದೆಯೇ ನೋಡಿ ಊರುಗೋಲು ಕೊಡಿ. ಮೇಲ್ಮೈ ನೆಲಕ್ಕಿಂತ ಒಂದಿಂಚು ಎತ್ತರವಿದ್ದು ಸುತ್ತ ಇಳಿಜಾರಾಗಿರಲಿ. ಒದ್ದೆ ಗೋಣಿ ಹೊದಿಸಿ ಮೂರು ದಿನ ನೀರು ಚಿಮುಕಿಸಿ. ನಮ್ಮೂರ ಮೇಸ್ತ್ರಿ ಕ್ಯೂರಿಂಗ್ ಎಂದು ಬಡಿದುಕೊಳ್ಳುವುದೂ ಇದನ್ನೇ. ಅಕ್ಟೋಬರಿನಿಂದ ಮಾರ್ಚಿನೊಳಗೆ ಈ ಕೆಲಸ ಮುಗಿಸಿದರೆ ನಿಮಗೂ ಕಾಂಕ್ರೀಟಿಗೂ ಸುಖ. ಬೇಸಿಗೆಯಲ್ಲೇ ಆಗಬೇಕಾದರೆ ಬೆಳಗಿನ ಐದಕ್ಕೆ ಶುರು ಮಾಡಿ ಒಂಬತ್ತಕ್ಕೆ ಕೈ ತೊಳೆಯಿರಿ.

ಗೇಟು

ಗೋಡೆ ನಿಂತಿದ್ದರೂ ಗೇಟು ಹೋಗಿರುತ್ತದೆ. ಉಕ್ಕಿನ ಚೌಕಟ್ಟಿಗೆ ಹಲಗೆ ಹೊಡೆದದ್ದೇ ಇಲ್ಲಿನ ರೂಢಿ, ಅದೇ ಸರಿ. ಕಬ್ಜದ ಬೋಲ್ಟನ್ನು ಬ್ಲಾಕಿನ ಪೊಳ್ಳು ಗೋಡೆಗೆ ಬಿಗಿದರೆ ಒಂದೇ ಬೀಸಿಗೆ ಬ್ಲಾಕಿನ ಚಕ್ಕೆ ಸಮೇತ ಕಿತ್ತು ಬರುತ್ತದೆ, ಗ್ರೌಟ್ ತುಂಬಿದ ಜಾಗಕ್ಕೇ ಬಿಗಿಯಬೇಕು. ಬರೀ ಮರದ ಗೇಟಾದರೆ ಓರೆಪಟ್ಟಿ ಕೆಳಗಿನ ಕಬ್ಜದಿಂದ ಚಿಲಕದ ಕಡೆಯ ಮೇಲಿನ ಮೂಲೆಗೆ ಏರಬೇಕು. ಉಲ್ಟಾ ಹೊಡೆದರೆ ಪಟ್ಟಿಗೆ ಭಾರ ಹೊರಲಾಗದೆ ಗೇಟು ಜೋತುಬೀಳುತ್ತದೆ. ಕೆಳಗೊಂದು ನೆಲಕ್ಕಿಳಿಯುವ ಚಿಲಕ ಹಾಕಿಸಿ, ಮಾನ್ಸೂನಿನಲ್ಲಿ ದಿನಾ ಸಂಜೆ ಇಳಿಸಿ.

ಈಜುಕೊಳ ಇದ್ದು, ಆರು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ರಾಜ್ಯದ ಕಾನೂನು ಲಾಗೂ ಆಗುತ್ತದೆ: ಬೇಲಿ ಕನಿಷ್ಠ 5 ಅಡಿ, 4 ಇಂಚಿನ ಚೆಂಡು ತೂರುವ ಸಂದಿ ಇರಕೂಡದು, ನೀರಿನಂಚಿನಿಂದ 20 ಇಂಚಾದರೂ ದೂರ. ಗೇಟು ತಾನೇ ಮುಚ್ಚಿ ತಾನೇ ಚಿಲಕ ಬೀಳಬೇಕು, ಕೊಳದಿಂದ ಹೊರಕ್ಕೆ ತೆರೆಯಬೇಕು. ಚಿಲಕ ನೆಲದಿಂದ 54 ಇಂಚಿನ ಮೇಲಿದ್ದರೆ ಸರಿ. ಹೊರಮೈಯಲ್ಲಿ ಅಡ್ಡ ಹಲಗೆ ಇದ್ದರೆ ಮಕ್ಕಳಿಗೆ ಅದು ಏಣಿ. ಕೆಲವು ಊರುಗಳ ನಿಯಮ ಇನ್ನೂ ಬಿಗಿ. ಮಗು ನಿಮ್ಮದಲ್ಲದಿದ್ದರೂ ಹಬ್ಬಕ್ಕೆ ಬರುವ ಮಕ್ಕಳಿರುತ್ತಾರೆ, ಹಾಕಿಸಿಬಿಡಿ.

ಕಾಗದಪತ್ರ

ಎಚ್‌ಒಎ, ಅಂದರೆ ಬಡಾವಣೆಯ ಮನೆಮಾಲೀಕರ ಸಂಘ, ಇದ್ದರೆ ಗುಂಡಿಗೆ ಮುಂಚೆ ಅವರ ಒಪ್ಪಿಗೆ ಬರವಣಿಗೆಯಲ್ಲಿ, ಬಣ್ಣದ ಹೆಸರೂ ಸೇರಿ. ಸಿಟಿಯ ಪರ್ಮಿಟ್ ಊರಿಂದ ಊರಿಗೆ ಬೇರೆ. ಗೋಡೆ ಎರಡು ಮನೆಗೂ ಸೇರಿದ್ದರೆ ಪಕ್ಕದವರ ಸಹಿ. ಕೂಲಿ ಸಾಮಾನು ಸೇರಿ ಸಾವಿರ ಡಾಲರ್ ಮುಟ್ಟುವ ಅಥವಾ ಪರ್ಮಿಟ್ ಬೇಕಾಗುವ ಕೆಲಸಕ್ಕೆ ರಿಜಿಸ್ಟ್ರಾರ್ ಆಫ್ ಕಾಂಟ್ರಾಕ್ಟರ್ಸ್ ಎಂಬ ರಾಜ್ಯ ಸರ್ಕಾರದ ಕಚೇರಿಯ ಲೈಸೆನ್ಸ್ ಇರುವವರೇ ಬೇಕು. ನಂಬರ್ ಹಾಕಿ ವೆಬ್‌ಸೈಟಿನಲ್ಲಿ ನೋಡಬಹುದು. ಬ್ಲಾಕ್ ಕೆಲಸಕ್ಕೂ ಉಳಿದ ಬೇಲಿಗೂ ಲೈಸೆನ್ಸ್ ವರ್ಗ ಬೇರೆ ಬೇರೆ, ಅದನ್ನೂ ನೋಡಿ.

ಪ್ರತಿ ಮೇ ತಿಂಗಳಲ್ಲಿ ಒಂದು ಸಂಜೆ ಬೇಲಿಯ ಉದ್ದಕ್ಕೂ ನಡೆದು ಒಂದೊಂದು ಕಂಬವನ್ನೂ ಭುಜ ಕೊಟ್ಟು ತಳ್ಳಿ ನೋಡಿ. ಬುಡದ ಮಣ್ಣಿನಲ್ಲಿ ಬಿರುಕು ಬಾಯಿ ತೆರೆದರೆ ಆ ಕಂಬ ಜುಲೈ ಕಾಣುವುದಿಲ್ಲ. ಅದನ್ನು ನೆಟ್ಟಗೆ ಮಾಡಿ ಸುತ್ತ ಮಣ್ಣು ಒದ್ದು ತುಂಬಿದರೆ ಏನೂ ಆಗದು. ಅಂಕಣ ಬಿಚ್ಚಿ, ಹಳೆಯ ಕಾಂಕ್ರೀಟ್ ಎತ್ತಿ, ಗುಂಡಿಯನ್ನು 42 ಇಂಚಿಗೆ ಇಳಿಸಿ ಹೊಸದಾಗಿ ನಿಲ್ಲಿಸಿ.