ಹೊರಗೆ ಹಿಮ, ಒಳಗೆ ಹೀಟರ್: ಆಫ್ರಿಕನ್ ವಯೊಲೆಟ್ ಉಳಿಸಿಕೊಳ್ಳುವುದು ಹೇಗೆ

ಮಿನೆಸೋಟಾ, ಷಿಕಾಗೊ, ಟೊರೊಂಟೊ ಕಡೆ ಇರುವವರಿಗೆ ಮೊದಲೇ ಒಂದು ಮಾತು. ಚಳಿಗಾಲದಲ್ಲಿ ಆಫ್ರಿಕನ್ ವಯೊಲೆಟ್ ಅನ್ನುವ ಪುಟ್ಟ ಹೂಗಿಡ ಸಾಯುವುದು ಬಹುಪಾಲು ಚಳಿಯಿಂದ ಅಲ್ಲ, ನೀರಿನಿಂದ. ಹೊರಗೆ ಮೈನಸ್ 25 ಇದ್ದರೂ ಮನೆಯೊಳಗೆ ನಾವು 68-70 ಡಿಗ್ರಿ ಫ್ಯಾರನ್‌ಹೀಟ್ ಇಟ್ಟುಕೊಂಡಿರುತ್ತೇವೆ, ಅಂದರೆ ಸುಮಾರು 20-21 ಸೆಲ್ಸಿಯಸ್. ಗಿಡಕ್ಕೆ ಅಷ್ಟು ಧಾರಾಳವಾಗಿ ಸಾಕು. ಆದರೆ ಡಿಸೆಂಬರ್‌ನಲ್ಲಿ ಬೆಳಕು ಕಡಿಮೆ, ಹಾಗಾಗಿ ಬೆಳವಣಿಗೆ ನಿಧಾನ, ಬೇರು ಕುಡಿಯುವುದೂ ಕಡಿಮೆ. ನಾವು ಮಾತ್ರ ಬೇಸಿಗೆಯ ಅಭ್ಯಾಸದಲ್ಲೇ ಪ್ರತಿ ಭಾನುವಾರ ಲೋಟ ಹಿಡಿದು ನಿಂತಿರುತ್ತೇವೆ. ತಣ್ಣಗಿನ ಕಿಟಕಿ, ಒದ್ದೆ ಮಣ್ಣು, ಇವೆರಡೂ ಸೇರಿದರೆ ಬೇರು ಕೊಳೆಯಲು ಬೇರೆ ಕಾರಣವೇ ಬೇಡ.

ಈ ಗಿಡ ಎಲ್ಲಿಂದ ಬಂತು ಅನ್ನುವುದು ಗೊತ್ತಿದ್ದರೆ ಅದರ ಬೇಡಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ. ಟಾಂಜಾನಿಯಾದ ಉಸಾಂಬಾರಾ ಬೆಟ್ಟಗಳ ಸುತ್ತಮುತ್ತ, ಕೀನ್ಯಾದ ಕೆಲವು ಕಡೆ, ಕಾಡಿನ ನೆರಳಲ್ಲಿ ಪಾಚಿ ಹತ್ತಿದ ಬಂಡೆಗಳ ಮೇಲೆ ಇದು ಬೆಳೆಯುತ್ತದೆ. 1892ರಲ್ಲಿ ಅಲ್ಲಿದ್ದ ಸೇಂಟ್ ಪಾಲ್ ಅನ್ನುವ ಜರ್ಮನ್ ಅಧಿಕಾರಿ ಇದನ್ನು ಯೂರೋಪಿಗೆ ಕಳಿಸಿದ, ಅವನ ಹೆಸರಲ್ಲೇ ಇದಕ್ಕೆ ಸೇಂಟ್‌ಪಾಲಿಯಾ ಅಂತ ಹೆಸರಾಯಿತು. ನಿಜವಾದ ವಯೊಲೆಟ್ ಹೂವಿಗೂ ಇದಕ್ಕೂ ಯಾವ ನೆಂಟಸ್ತನವೂ ಇಲ್ಲ. ಸಮಭಾಜಕ ವೃತ್ತಕ್ಕೆ ಹತ್ತಿರದ ಊರಿನದು, ಅಂದರೆ ವರ್ಷಪೂರ್ತಿ ಸುಮಾರು ಹನ್ನೆರಡು ಗಂಟೆ ಹಗಲು. ಬಂಡೆಯ ಮೇಲಿನ ತೆಳು ಮಣ್ಣು, ಅಂದರೆ ನೀರು ಬಂದು ಹೋಗಬೇಕು, ನಿಲ್ಲಬಾರದು. ಕಾಡಿನ ಗಾಳಿಯಲ್ಲಿ ತೇವ ಇರಬೇಕು. ನಮ್ಮ ಚಳಿಗಾಲದ ಮನೆಯಲ್ಲಿ ಈ ಮೂರೂ ತಲೆಕೆಳಗು.

ಮೊದಲು ಜಾಗ ನೋಡಿ. ಹಗಲು ಕಿಟಕಿಯ ಹಲಗೆ ಮೇಲೆ ಇಟ್ಟರೆ ತೊಂದರೆ ಇಲ್ಲ. ಬೇಸಿಗೆಯಲ್ಲಿ ಎಲೆ ಸುಡುವ ದಕ್ಷಿಣದ ಕಿಟಕಿಯೇ ಡಿಸೆಂಬರ್, ಜನವರಿಯಲ್ಲಿ ಒಳ್ಳೆಯದು, ಆಗಿನ ಬಿಸಿಲಿಗೆ ಅಷ್ಟು ಕಾವಿರುವುದಿಲ್ಲ. ರಾತ್ರಿಯದೇ ಸಮಸ್ಯೆ. ಗಾಜಿನ ಹತ್ತಿರದ ಗಾಳಿ ಕೋಣೆಗಿಂತ ಎಷ್ಟೋ ತಣ್ಣಗಿರುತ್ತದೆ, ಎಲೆ ಗಾಜಿಗೆ ತಾಗಿದರೆ ಬೆಳಗ್ಗೆ ಆ ಭಾಗ ನೀರು ತುಂಬಿದಂತೆ ಕಪ್ಪಾಗಿರುತ್ತದೆ. ಅದಕ್ಕಿಂತ ಕೆಟ್ಟದ್ದು ಪರದೆ. ಪರದೆ ಎಳೆದಾಗ ಗಿಡ ಗಾಜಿಗೂ ಪರದೆಗೂ ನಡುವೆ ಸಿಕ್ಕಿಕೊಂಡರೆ ಕೋಣೆಯ ಬಿಸಿ ಅದಕ್ಕೆ ತಲುಪುವುದೇ ಇಲ್ಲ. ಸಂಜೆ ಪರದೆ ಹಾಕುವಾಗ ಕುಂಡಗಳನ್ನು ಒಳಗಿನ ಮೇಜಿಗೆ ಎತ್ತಿಡಿ, ಇಲ್ಲವೇ ಕಿಟಕಿಗೆ ಪ್ಲಾಸ್ಟಿಕ್ ಫಿಲ್ಮ್ ಅಂಟಿಸಿ. 60 ಫ್ಯಾರನ್‌ಹೀಟ್‌ಗಿಂತ ಕೆಳಗೆ ಗಿಡ ಮಂಕಾಗುತ್ತದೆ, 50ಕ್ಕಿಂತ ಕೆಳಗೆ, ಅಂದರೆ 10 ಸೆಲ್ಸಿಯಸ್‌ಗಿಂತ ಕೆಳಗೆ, ಕೆಡುತ್ತದೆ. ಹೀಟರ್ ಗಾಳಿ ಬರುವ ಜಾಲರಿಯ ಎದುರಿಗೂ ಬೇಡ, ಅಲ್ಲಿ ಮೊಗ್ಗು ಅರಳುವ ಮೊದಲೇ ಒಣಗಿ ಉದುರುತ್ತದೆ.

ಈಗ ನೀರು. ದಿನ ಲೆಕ್ಕ ಹಾಕಿ ನೀರು ಕೊಡುವುದನ್ನು ಬಿಟ್ಟುಬಿಡಿ, ಕುಂಡವನ್ನು ಕೈಯಲ್ಲಿ ಎತ್ತಿ ನೋಡಿ. ಒದ್ದೆ ಇರುವಾಗ ಎಷ್ಟು ಭಾರ, ಒಣಗಿದಾಗ ಎಷ್ಟು ಹಗುರ ಅಂತ ಎರಡು ವಾರದಲ್ಲಿ ಕೈಗೇ ಗೊತ್ತಾಗಿಬಿಡುತ್ತದೆ. ಮೇಲಿನ ಮಣ್ಣು ಮುಟ್ಟಿದರೆ ಒಣಗಿರಬೇಕು, ಒಳಗೆ ಹಿಂಡಿದ ಬಟ್ಟೆಯಷ್ಟು ತೇವ ಇದ್ದರೆ ಸಾಕು. ನೀರು ಉಗುರು ಬೆಚ್ಚಗಿರಲಿ. ಇದು ಸುಮ್ನೆ ಮುದ್ದು ಮಾಡುವ ಮಾತಲ್ಲ: ಜನವರಿಯಲ್ಲಿ ನಲ್ಲಿಯಿಂದ ನೇರ ಹಿಡಿದ ನೀರು ಎಲೆ ಮೇಲೆ ಬಿದ್ದರೆ ಒಳಗಿನ ಜೀವಕೋಶ ಸತ್ತು ಹಳದಿ ಬಳೆಯಾಕಾರದ ಕಲೆ ಆಗುತ್ತದೆ, ಆ ಎಲೆ ಇರುವವರೆಗೂ ಅದು ಹೋಗುವುದಿಲ್ಲ. ರೋಗ ಅಂದುಕೊಂಡು ಔಷಧಿ ಹೊಡೆಯುವವರೂ ಇದ್ದಾರೆ. ತಟ್ಟೆಯಲ್ಲಿ ನೀರು ಹಾಕಿ ಕುಂಡವನ್ನು ಅದರಲ್ಲಿ ಕೂರಿಸಿ, ಇಪ್ಪತ್ತು-ಮೂವತ್ತು ನಿಮಿಷ ಬಿಟ್ಟು ಉಳಿದ ನೀರು ಚೆಲ್ಲಿ. ಚೆಲ್ಲುವುದು ಮುಖ್ಯ! ರಾತ್ರಿಯಿಡೀ ತಟ್ಟೆಯಲ್ಲಿ ನೀರು ನಿಂತರೆ ಇಷ್ಟೆಲ್ಲ ಮಾಡಿದ್ದೂ ದಂಡ. ಕೆಳಗಿನಿಂದಲೇ ಕೊಡುತ್ತಿದ್ದರೆ ಗೊಬ್ಬರದ ಉಪ್ಪು ಮೇಲೆ ಬಂದು ಕುಂಡದ ಅಂಚಿಗೆ ಕಟ್ಟಿಕೊಳ್ಳುತ್ತದೆ, ಅಲ್ಲಿಗೆ ತಾಗಿದ ಎಲೆಯ ತೊಟ್ಟು ಕಂದಾಗಿ ಮೆತ್ತಗಾಗುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಮೇಲಿನಿಂದ ಬೆಚ್ಚನೆ ನೀರು ಹಾಯಿಸಿ ತೊಳೆದುಬಿಡಿ. ಗಡಸು ನೀರನ್ನು ಮೆದುಗೊಳಿಸುವ ವಾಟರ್ ಸಾಫ್ಟನರ್ ಇರುವ ಮನೆಯಾದರೆ ಆ ನೀರು ಬೇಡ, ಅದರಲ್ಲಿ ಸೋಡಿಯಂ ಜಾಸ್ತಿ.

ಎಲ್ಲರೂ ಎಡವುವ ಜಾಗ ಇದು: ಎಲೆ ಜೋತುಬಿದ್ದರೆ ತಕ್ಷಣ ನೀರು ಹಾಕುವುದು. ಬಾಯಾರಿದ ಗಿಡವೂ ಜೋತುಬೀಳುತ್ತದೆ, ಬೇರು ಕೊಳೆತ ಗಿಡವೂ ಜೋತುಬೀಳುತ್ತದೆ, ನೋಡಲು ಎರಡೂ ಒಂದೇ. ಕುಂಡ ಹಗುರ ಇದ್ದು ಎಲೆ ಸೋತಿದ್ದರೆ ನೀರು ಕೊಡಿ, ಸಂಜೆಯೊಳಗೆ ಎದ್ದು ಕೂರುತ್ತದೆ. ಕುಂಡ ಭಾರ ಇದ್ದು ಎಲೆ ಸೋತಿದ್ದರೆ ಒಂದು ಹನಿಯೂ ಬೇಡ, ಗಿಡ ಹೊರಗೆ ತೆಗೆದು ಬೇರು ನೋಡಿ. ಬೆಳ್ಳಗೆ ಗಟ್ಟಿಯಾಗಿದ್ದರೆ ಸರಿ, ಕಂದು ಬಣ್ಣಕ್ಕೆ ತಿರುಗಿ ಮುಟ್ಟಿದರೆ ಕಿತ್ತು ಬಂದರೆ ಕೊಳೆತಿದೆ ಅಂತಲೇ.

ಕುಂಡದ ವಿಷಯ ಚಿಕ್ಕದು. ಗಿಡದ ಅಗಲದ ಮೂರನೇ ಒಂದು ಭಾಗ ಅಗಲದ ಕುಂಡ ಸಾಕು, ದೊಡ್ಡದರಲ್ಲಿ ಮಣ್ಣು ಒಣಗುವುದೇ ಇಲ್ಲ. ಮಣ್ಣಿಗೆ ಪೀಟ್ (ಕೊಳೆತ ಪಾಚಿಯ ಹಗುರ ಪುಡಿ), ಪರ್ಲೈಟ್, ವರ್ಮಿಕ್ಯುಲೈಟ್ (ಎರಡೂ ಕಾಯಿಸಿ ಉಬ್ಬಿಸಿದ ಹಗುರ ಕಲ್ಲಿನ ಚೂರು) ಸಮಪಾಲು. ಅಂಗಡಿಯ ಸಾದಾ ಪಾಟಿಂಗ್ ಮಣ್ಣು ಇದಕ್ಕೆ ತೀರಾ ಭಾರ.

ಗಾಳಿಯ ತೇವದ ಬಗ್ಗೆ ಜನ ವಿಪರೀತ ತಲೆ ಕೆಡಿಸಿಕೊಳ್ಳುತ್ತಾರೆ ಅಂತ ನನಗನಿಸುತ್ತದೆ. ಹೀಟರ್ ಓಡುವ ಮನೆಯಲ್ಲಿ ತೇವಾಂಶ 20 ಪರ್ಸೆಂಟ್ ಆಸುಪಾಸಿಗೆ ಇಳಿಯುವುದು ನಿಜ, ಗಿಡಕ್ಕೆ 40-50 ಇಷ್ಟ ಅನ್ನುವುದೂ ನಿಜ. ಆದರೆ ಎಲೆಗೆ ನೀರು ಸಿಂಪಡಿಸುವುದು ಪರಿಹಾರ ಅಲ್ಲ, ಈ ತುಪ್ಪಳದ ಎಲೆಗಳಲ್ಲಿ ಹನಿ ನಿಂತು ಕಲೆಯಾಗುತ್ತದೆ, ನಡುವೆ ಕೊಳೆಯುತ್ತದೆ. ಗಿಡಗಳನ್ನು ಒಟ್ಟಿಗೆ ಗುಂಪಾಗಿ ಇಡಿ. ಸಣ್ಣ ಕಲ್ಲು ಹರಡಿದ ತಟ್ಟೆಯಲ್ಲಿ ನೀರು ಹಾಕಿ, ನೀರಿಗೆ ತಾಗದಂತೆ ಕುಂಡ ಮೇಲಿಟ್ಟರೆ ಅಷ್ಟಿಷ್ಟು ಅನುಕೂಲ. ಹ್ಯೂಮಿಡಿಫೈಯರ್ ಇದ್ದರೆ ಇನ್ನೂ ಒಳ್ಳೆಯದು, ನಮ್ಮ ಚರ್ಮಕ್ಕೂ ಅದು ಬೇಕಲ್ವಾ.

ಹೂ ಬೇಕಾದರೆ ದೀಪ ಹಾಕಲೇಬೇಕು. ಮಿನಿಯಾಪೊಲಿಸ್‌ನಲ್ಲಿ ಡಿಸೆಂಬರ್ ಕೊನೆಗೆ ಹಗಲು ಒಂಬತ್ತು ಗಂಟೆಯೂ ಇರುವುದಿಲ್ಲ, ಅದರಲ್ಲಿ ಅರ್ಧ ದಿನ ಮೋಡ. ಸಾಧಾರಣ ಎಲ್ಇಡಿ ಟ್ಯೂಬ್ ಸಾಕು, ದುಬಾರಿ ನೇರಳೆ ಬಣ್ಣದ್ದು ಬೇಡ. ಎಲೆಯಿಂದ ಒಂದು ಅಡಿ ಮೇಲೆ ಕಟ್ಟಿ, ಟೈಮರ್ ಹಾಕಿ ಹನ್ನೆರಡು ಗಂಟೆ ಉರಿಸಿ. ಎಲೆಗಳ ತೊಟ್ಟು ಉದ್ದವಾಗಿ ಮೇಲಕ್ಕೆ ಚಾಚಿದರೆ ಬೆಳಕು ಸಾಲದು, ನಡುವಿನ ಎಲೆಗಳು ಒತ್ತೊತ್ತಾಗಿ ಬಣ್ಣಗೆಟ್ಟರೆ ಹೆಚ್ಚಾಯಿತು. ರಾತ್ರಿ ಎಂಟು ಗಂಟೆಯಾದರೂ ಕತ್ತಲೆ ಇರಬೇಕು. ದೀಪ ಇದ್ದರೆ ಗೊಬ್ಬರ ಡಬ್ಬಿಯ ಮೇಲೆ ಬರೆದಿರುವುದರ ಕಾಲು ಭಾಗ ಕೊಡಿ, ಇಲ್ಲದಿದ್ದರೆ ಮಾರ್ಚ್‌ವರೆಗೆ ಗೊಬ್ಬರವೇ ಬೇಡ.

ಅಡುಗೆಮನೆಯಲ್ಲಿ ಇಡಬೇಡಿ. ಒಗ್ಗರಣೆಯ ಎಣ್ಣೆ ಹೊಗೆ ಎಲೆಯ ರೋಮಕ್ಕೆ ಅಂಟಿ, ಅದರ ಮೇಲೆ ಧೂಳು ಕೂತರೆ ತೆಗೆಯುವುದು ಕಷ್ಟ. ಮಾಗಿದ ಬಾಳೆಹಣ್ಣು, ಸೇಬಿನಿಂದ ಬರುವ ಎಥಿಲೀನ್ ಅನಿಲಕ್ಕೆ ಹೂಗಳು ಬೇಗ ಉದುರುತ್ತವೆ. ಬರೀ ಧೂಳಾದರೆ ಮೆತ್ತನೆ ಬ್ರಷ್‌ನಿಂದ ಒರೆಸಿ.

ಡಿಸೆಂಬರ್‌ನಲ್ಲಿ ಊರಿಗೆ ಹೋಗುವವರು ಇದನ್ನು ಗಮನವಿಟ್ಟು ಓದಿ. ಹೊರಡುವಾಗ ಥರ್ಮಾಸ್ಟಾಟನ್ನು 55ಕ್ಕೆ ಇಳಿಸುವುದು ರೂಢಿ, ನೀರಿನ ಪೈಪ್ ಒಡೆಯದಿರಲು ಅಷ್ಟು ಸಾಕು, ಗಿಡಕ್ಕೆ ಸಾಲದು. 62-65ಕ್ಕೆ ಬಿಡಿ, ಬಿಲ್ ಸ್ವಲ್ಪ ಜಾಸ್ತಿ ಬರುತ್ತದೆ. ಪಾರದರ್ಶಕ ಪ್ಲಾಸ್ಟಿಕ್ ಡಬ್ಬ, ಬಟ್ಟೆ ತುಂಬಿಡುತ್ತೇವಲ್ಲ ಆ ದೊಡ್ಡದು, ಒಂದು ತೆಗೆದುಕೊಳ್ಳಿ. ಹೊರಡುವ ಹಿಂದಿನ ದಿನ ಗಿಡಗಳಿಗೆ ಮಿತವಾಗಿ ನೀರು ಕೊಟ್ಟು, ಪೂರ್ತಿ ಬಸಿದು, ಹೂ ಮೊಗ್ಗು ಎಲ್ಲವನ್ನೂ ಚಿವುಟಿ ತೆಗೆಯಿರಿ, ಮನಸ್ಸು ಬಾರದಿದ್ದರೂ ತೆಗೆಯಿರಿ, ಒಳಗೆ ಅವೇ ಮೊದಲು ಬೂಷ್ಟು ಹಿಡಿಯುವುದು. ಡಬ್ಬದಲ್ಲಿ ಜೋಡಿಸಿ ಮುಚ್ಚಳ ಮುಚ್ಚಿ, ನೇರ ಬಿಸಿಲು ಬೀಳದ ಕಡೆ, ಟೈಮರ್ ದೀಪದ ಕೆಳಗೆ ಇಡಿ. ಮೂರು-ನಾಲ್ಕು ವಾರ ನೀರಿಲ್ಲದೆ ನಡೆಯುತ್ತದೆ. ಬಂದ ಮೇಲೆ ಮುಚ್ಚಳ ಒಮ್ಮೆಗೇ ತೆಗೆಯದೆ ದಿನಕ್ಕಿಷ್ಟು ಸರಿಸಿ. ಬತ್ತಿ ಹಾಕುವ ವಿಧಾನವೂ ಇದೆ, ಕುಂಡದ ತೂತಿನಿಂದ ನೈಲಾನ್ ಅಥವಾ ಅಕ್ರಿಲಿಕ್ ದಾರ ಇಳಿಸಿ ಕೆಳಗಿನ ನೀರಿನ ಡಬ್ಬಿಗೆ ಬಿಡುವುದು. ದೇವರ ದೀಪದ ಹತ್ತಿಬತ್ತಿ ಮಾತ್ರ ಬೇಡ, ಕೊಳೆಯುತ್ತದೆ. ಮಣ್ಣಿನಲ್ಲಿ ಅರ್ಧದಷ್ಟು ಪರ್ಲೈಟ್ ಇಲ್ಲದಿದ್ದರೆ ಬತ್ತಿಯ ಸಹವಾಸವೇ ಬೇಡ. ಇನ್ನು ಪಕ್ಕದ ಮನೆಯವರಿಗೆ ಕೀಲಿ ಕೊಟ್ಟು ನೀರು ಹಾಕಲು ಹೇಳುವುದು ಎಲ್ಲಕ್ಕಿಂತ ಅಪಾಯ, ಪಾಪ ಅವರು ಪ್ರೀತಿಯಿಂದ ದಿನಾ ಹಾಕುತ್ತಾರೆ.

ಬಿರುಗಾಳಿಗೆ ಕರೆಂಟ್ ಹೋದರೂ ಇದೇ ಡಬ್ಬ ಉಪಯೋಗಕ್ಕೆ ಬರುತ್ತದೆ. ಕಿಟಕಿಯಿಲ್ಲದ ಒಳಕೋಣೆಗೆ ಒಯ್ದು ಮೇಲೆ ಕಂಬಳಿ ಹೊದಿಸಿ. ಒಂದೆರಡು ದಿನ ಕತ್ತಲಲ್ಲಿದ್ದರೆ ಏನೂ ಆಗುವುದಿಲ್ಲ.

ಕುಂಡದ ಮೇಲೆ ಚಿಕ್ಕ ಕರಿ ಗುಂಗುರು ಹಾರಾಡಿದರೆ ಮಣ್ಣು ಒದ್ದೆ ಜಾಸ್ತಿ ಅಂತ ಅರ್ಥ, ಒಣಗಲು ಬಿಡಿ, ಹಳದಿ ಅಂಟು ಹಾಳೆ ನೆಡಿ. ಎಲೆ ಸಂದಿಯಲ್ಲಿ ಬಿಳಿ ಹತ್ತಿಯಂಥದ್ದು ಕಂಡರೆ ಹಿಟ್ಟು ತಿಗಣೆ, ರಬ್ಬಿಂಗ್ ಆಲ್ಕೊಹಾಲ್ ಅದ್ದಿದ ಹತ್ತಿಕಡ್ಡಿಯಿಂದ ಒಂದೊಂದಾಗಿ ಒರೆಸಿ, ಆ ಗಿಡವನ್ನು ಬೇರೆ ಕೋಣೆಗೆ ಹಾಕಿ.

ಇದರ ನೆಂಟರಲ್ಲಿ ಸ್ಟ್ರೆಪ್ಟೋಕಾರ್ಪಸ್ ಸ್ವಲ್ಪ ತಂಪನ್ನೇ ಇಷ್ಟಪಡುತ್ತದೆ. ಎಪಿಸಿಯಾಗೆ ತಂಪು ಆಗಿಬರುವುದಿಲ್ಲ, 60ಕ್ಕಿಂತ ಕೆಳಗೆ ಬಿಡಬೇಡಿ. ಗ್ಲಾಕ್ಸೀನಿಯಾ ಎಲೆ ಹಳದಿಯಾಗಿ ಒಣಗಿದರೆ ಎಸೆಯಬೇಡಿ, ಗಡ್ಡೆ ಮಲಗಿದೆ ಅಷ್ಟೇ, ನೀರು ನಿಲ್ಲಿಸಿ ಕತ್ತಲಲ್ಲಿಡಿ, ವಸಂತದಲ್ಲಿ ಚಿಗುರುತ್ತದೆ. ನೆಂಟಸ್ತನ ಇಲ್ಲದಿದ್ದರೂ ನಮ್ಮ ಮನೆಗಳಲ್ಲಿ ಪಕ್ಕದಲ್ಲೇ ಇರುವ ಕರಿಬೇವಿಗೂ ಇದೇ ಮಾತು: ಎಲೆ ಉದುರಿತು ಅಂತ ನೀರು ಸುರಿಯಬೇಡಿ, ಕಾಂಡವನ್ನು ಉಗುರಿನಿಂದ ಕೆರೆದು ನೋಡಿ, ಹಸಿರಿದ್ದರೆ ಜೀವ ಇದೆ.

ಇಷ್ಟಾದರೂ ವಯೊಲೆಟ್‌ನ ಬುಡ ಕೊಳೆತರೆ, ಗಟ್ಟಿ ಇರುವ ಒಂದು ಎಲೆ ಉಳಿದಿದ್ದರೂ ಸಾಕು. ತೊಟ್ಟನ್ನು ಒಂದು ಇಂಚು ಬಿಟ್ಟು ಓರೆಯಾಗಿ ಕತ್ತರಿಸಿ, ಒದ್ದೆ ಮಾಡಿ ಹಿಂಡಿದ ವರ್ಮಿಕ್ಯುಲೈಟ್‌ನಲ್ಲಿ ನೆಟ್ಟು, ಮೊಸರಿನ ಡಬ್ಬಿ ಪಾರದರ್ಶಕವಾಗಿದ್ದರೆ ಅದನ್ನೇ ಮೇಲೆ ಕವುಚಿ, ಬೆಚ್ಚಗಿನ ಜಾಗದಲ್ಲಿ ದೀಪದ ಕೆಳಗಿಡಿ. ಎರಡು ಮೂರು ತಿಂಗಳಲ್ಲಿ ಬುಡದಿಂದ ಮರಿಗಳು ಏಳುತ್ತವೆ. ಅವು ನಾಣ್ಯದಷ್ಟು ಅಗಲವಾದ ಮೇಲೆ ಬಿಡಿಸಿ ಎರಡು ಇಂಚಿನ ಕುಂಡಗಳಿಗೆ ಹಾಕಿ.