ಕೊಟ್ಟ ಮಾತ್ರೆ, ನುಂಗಿದ ಮಾತ್ರೆ

ಎಂಎಸ್ಸಿ ನರ್ಸಿಂಗ್‌ಗೆ ಸೇರುವ ಮುಂಚೆ ನಾನು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಬಸುರಿಯರಿಗೆ ಕಬ್ಬಿಣಾಂಶದ ಮಾತ್ರೆ ಕೊಡುವುದು, ತಾಯಿ ಕಾರ್ಡಿನಲ್ಲಿ ಬರೆಯುವುದು ದಿನನಿತ್ಯದ ಕೆಲಸ. ಒಮ್ಮೆ ಮನೆ ಭೇಟಿಗೆ ಹೋದಾಗ ಆಶಾ ಅಕ್ಕ ಗೋಡೆಯ ಗೂಡಿನಿಂದ ಎರಡು ತಿಂಗಳ ಸ್ಟ್ರಿಪ್‌ಗಳನ್ನು ತೆಗೆದು ತೋರಿಸಿದರು. ಒಂದೂ ಒಡೆದಿರಲಿಲ್ಲ. "ತಿಂದ್ರೆ ಕೂಸು ದಪ್ಪ ಆಗಿ ಹೆರಿಗೆ ಕಷ್ಟ ಆಗ್ತದಂತೆ ಮೇಡಂ, ಅತ್ತೆ ಬೇಡ ಅಂದ್ರು" ಅಂದಳು ಆ ಮನೆಯ ಬಸುರಿ ಹುಡುಗಿ.

ಎಂಎಸ್ಸಿಯಲ್ಲಿ ನಾನು ಮಾಡಿದ ಸಿಸ್ಟಮ್ಯಾಟಿಕ್ ರಿವ್ಯೂಗೆ, ಅಂದರೆ ಒಂದು ಪ್ರಶ್ನೆಯ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲ ನಿಯಮ ಹಾಕಿಕೊಂಡು ಹುಡುಕಿ ಒಟ್ಟಿಗೆ ನೋಡುವ ಕೆಲಸಕ್ಕೆ, ವಿಷಯ ಸಿಕ್ಕಿದ್ದು ಆ ಗೂಡಿನಲ್ಲೇ. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದ ಪ್ರಕಾರ ಬಸುರಿಯರು ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ ಮಾತ್ರೆ ತಗೋಬೇಕು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ರಕ್ತಹೀನತೆ ಇದ್ದ ಬಸುರಿಯರು ಶೇ. 52.2. ಹಾಗಾದರೆ ನಿಜವಾಗಿ ನುಂಗುತ್ತಿರುವವರು ಎಷ್ಟು ಜನ?

ಇಂಥ ರಿವ್ಯೂಗಳ ಯೋಜನೆಯನ್ನು ಮೊದಲೇ ದಾಖಲಿಸುವ ಪ್ರಾಸ್ಪೆರೊ ಜಾಲತಾಣದಲ್ಲಿ ನನ್ನ ಪ್ರೊಟೊಕಾಲ್ (ಏನನ್ನು ಹೇಗೆ ಹುಡುಕಿ ಆರಿಸುತ್ತೇನೆ ಎನ್ನುವ ನಿಯಮಾವಳಿ) ನೋಂದಾಯಿಸಿ, ವೈದ್ಯಕೀಯ ಲೇಖನಗಳನ್ನು ಹುಡುಕುವ ಪಬ್‌ಮೆಡ್‌ಗೆ ಕೂತೆ. ಸಿಕ್ಕಿದ್ದು ತೀರಾ ಕಡಿಮೆ. ನಮ್ಮ ಲೈಬ್ರೇರಿಯನ್ ಸರ್ ಬಂದು ನೋಡಿ ನಕ್ಕರು: ನಾನು 'ಅನೀಮಿಯಾ'ವನ್ನು ಅಮೆರಿಕದ ಸ್ಪೆಲ್ಲಿಂಗ್‌ನಲ್ಲಿ ಮಾತ್ರ, ಅದೂ ಶೀರ್ಷಿಕೆ ಮತ್ತು ಸಾರಾಂಶದಲ್ಲಷ್ಟೇ ಹುಡುಕಿದ್ದೆ. ಬ್ರಿಟಿಷ್ ಸ್ಪೆಲ್ಲಿಂಗ್‌ನಲ್ಲಿ ಇನ್ನೊಂದು 'ಎ' ಇದೆ, ನಮ್ಮ ದೇಶದ ಎಷ್ಟೋ ಲೇಖನಗಳು ಇರುವುದು ಅದರಲ್ಲೇ. ಒಂದು ಅಕ್ಷರಕ್ಕೆ ಮೂರು ದಿನ ಹೋಯಿತು.

ಎರಡೆರಡು ಸಲ ಸಿಕ್ಕ ಲೇಖನಗಳನ್ನು ಝೊಟೆರೊ ಎಂಬ ಸಾಫ್ಟ್‌ವೇರ್‌ನಲ್ಲಿ ತೆಗೆದೆ. ಅದರಲ್ಲಿ ಹೇಳುವಂಥದ್ದೇನಿಲ್ಲ, ಬೇಜಾರಿನ ಕೆಲಸ.

ನಿಜವಾದ ಪರದಾಟ ಶುರುವಾಗಿದ್ದು ರಯ್ಯಾನ್‌ನಲ್ಲಿ, ಅಂದರೆ ಸಾರಾಂಶ ಓದಿ ಯಾವ ಲೇಖನ ಬೇಕು, ಯಾವುದು ಬೇಡ ಎಂದು ಗುರುತು ಹಾಕುವ ಆನ್‌ಲೈನ್ ಸಾಧನದಲ್ಲಿ. ಒಬ್ಬರ ನಿರ್ಧಾರ ಇನ್ನೊಬ್ಬರಿಗೆ ಕಾಣದ ಹಾಗೆ ಮಾಡಿಕೊಂಡು ನಾನೂ ನನ್ನ ರೂಮ್‌ಮೇಟೂ ಮೊದಲ 50 ಸಾರಾಂಶ ಓದಿದೆವು. ಪರದೆ ತೆಗೆದು ಕಾಪ್ಪಾ (ಇಬ್ಬರ ನಿರ್ಧಾರ ಎಷ್ಟು ಹೊಂದುತ್ತದೆ ಎನ್ನುವ ಅಳತೆ, ಪೂರ್ತಿ ಹೊಂದಿದರೆ 1) ಲೆಕ್ಕ ಹಾಕಿದರೆ 0.5 ಕೂಡ ಮುಟ್ಟಿಲ್ಲ. ನಾನು ಅವಳ ಮೇಲೆ, ಅವಳು ನನ್ನ ಮೇಲೆ ರೇಗಿದ್ದಾಯಿತು. ಆಮೇಲೆ ಕೂತು ನೋಡಿದಾಗ ತಪ್ಪು ನನ್ನ ಪ್ರೊಟೊಕಾಲ್‌ನದು: 'ಮಾತ್ರೆ ತೆಗೆದುಕೊಂಡವರು' ಎಂದಷ್ಟೇ ಬರೆದಿದ್ದೆ. ಒಂದು ಲೇಖನಕ್ಕೆ ಅದು ಮಾತ್ರೆ ಸಿಕ್ಕವರು, ಇನ್ನೊಂದಕ್ಕೆ '100 ನುಂಗಿದೆ' ಅಂದವರು, ಮತ್ತೊಂದರಲ್ಲಿ ಖಾಲಿ ಸ್ಟ್ರಿಪ್ ಎಣಿಸಿದ್ದಾರೆ. ಗೂಡಿನ ಸ್ಟ್ರಿಪ್‌ಗಳನ್ನು ಕಣ್ಣಾರೆ ಕಂಡವಳೇ ಈ ವ್ಯತ್ಯಾಸ ಬರೆಯಲು ಮರೆತಿದ್ದೆ! ನಿಯಮ ತಿದ್ದಿ, ಬದಲಾವಣೆಯನ್ನು ಕಾರಣ ಸಮೇತ ಪ್ರಾಸ್ಪೆರೊದಲ್ಲಿ ದಾಖಲಿಸಿ, ಆ ಐವತ್ತನ್ನೂ ಮತ್ತೆ ಓದಿದೆವು.

ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳಿರುವ ಶೋಧಗಂಗಾ ಜಾಲತಾಣದ ಒಂದು ಪ್ರಬಂಧವೂ ಒಂದು ಲೇಖನವೂ ಒಂದೇ ಅಧ್ಯಯನ ಅಂತ ಗೊತ್ತಾಗಿದ್ದು ಆರಿಸಿದ ಅಧ್ಯಯನಗಳ ವಿವರವನ್ನು ಕೋಷ್ಟಕಕ್ಕೆ ತುಂಬುವಾಗ. ಊರು, ವರ್ಷ, ಹೆಂಗಸರ ಸಂಖ್ಯೆ ಎಲ್ಲ ಒಂದೇ.

ಗೈಡ್ ಮೇಡಂಗೆ ಎಲ್ಲ ಸೇರಿಸಿ ಒಂದು ಶೇಕಡಾವಾರು ಬೇಕಿತ್ತು. ಸಿಕ್ಕಿದ್ದನ್ನೂ ನುಂಗಿದ್ದನ್ನೂ ಕೂಡಿಸಿ ಸರಾಸರಿ ತೆಗೆಯಲು ನನಗೆ ಮನಸ್ಸು ಬರಲಿಲ್ಲ. ಅದರ ಬದಲು 'ಹೇಗೆ ಅಳೆದರು' ಅಂತ ಒಂದು ಕಾಲಂ ಹಾಕಿದೆ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೊರಗಿನ ಪರೀಕ್ಷಕರು ಬೆರಳಿಟ್ಟಿದ್ದು ಅಲ್ಲಿಗೇ.

"ಏನಮ್ಮ, ಇಷ್ಟು ಕಡೆ 'ಹೇಳಿಲ್ಲ' ಅಂತ ಬರೆದಿದ್ದೀಯಲ್ಲ?"

"ಅವರು ಹೇಳಿಲ್ಲ ಸರ್."