ಹೆಲ್ ಡ್ರೈವರ್ಸ್ ಸಿನಿಮಾದಲ್ಲಿ ಯಾರ್ಯಾರು ಇದ್ರು ಅಂತ ನೆನಪಿಟ್ಕೊಳ್ಳೋದು ಹೇಗೆ

1957ರ ಬ್ರಿಟಿಷ್ ಲಾರಿ ಸಿನಿಮಾ ಹೆಲ್ ಡ್ರೈವರ್ಸ್ ನೋಡಿದ ಮೇಲೆ ಸುಮಾರು ಜನಕ್ಕೆ ಒಂದೇ ಪಜೀತಿ, ಶಾನ್ ಕಾನರಿ ಇದ್ದ ಅಂತ ಗೊತ್ತು, ಹೀರೋ ಮುಖ ಗೊತ್ತು, ಅದಾದ್ಮೇಲೆ "ಅದೇ ಕಣ್ರೀ, ಆ ಇನ್ನೊಬ್ಬ, ಟಿವಿ ಸೀರಿಯಲ್ಲಲ್ಲಿ ಬರ್ತಿದ್ನಲ್ಲ" ಅಂತ ಗಾಡಿ ನಿಂತೋಗತ್ತೆ. ನಿಲ್ಲದೆ ಇನ್ನೇನು, ಬ್ಲ್ಯಾಕ್ ಅಂಡ್ ವೈಟ್ ಪಿಚ್ಚರ್, ಎಲ್ರೂ ಧೂಳು ಹೊಡ್ಕೊಂಡ ಜಾಕೆಟ್ಟು, ಎಲ್ರದ್ದೂ ಒಂದೇ ಥರದ ಡಾಡ್ಜ್ ಟಿಪ್ಪರ್, ಒಬ್ಬನ ಮುಖ ಸರಿಯಾಗಿ ನೋಡೋ ಅಷ್ಟ್ರಲ್ಲಿ ಇನ್ನೊಬ್ಬ ಓವರ್‌ಟೇಕ್ ಮಾಡ್ಕೊಂಡು ಹೋಗಿರ್ತಾನೆ.

ಹೆಸರಿನ ಲಿಸ್ಟ್ ಇಟ್ಕೊಂಡು ಬಾಯಿಪಾಠ ಮಾಡೋಕೆ ಹೋಗ್ಬೇಡಿ, ಎರಡು ದಿನಕ್ಕೆ ಹಾರೋಗತ್ತೆ. ಮೊದ್ಲು ಸಿನಿಮಾದೊಳಗೆ ಯಾರು ಏನು ಕೆಲ್ಸ ಮಾಡ್ತಾನೆ ಅಂತ ಹಿಡ್ಕೊಳಿ, ಆಮೇಲೆ ಆ ಆಸಾಮಿ ಮುಂದೆ ಯಾವ್ದರಿಂದ ಫೇಮಸ್ ಆದ ಅಂತ ಅದಕ್ಕೆ ಒಂದು ಗಂಟು ಹಾಕಿ. ಉಲ್ಟಾ ಮಾಡಿದ್ರೆ, ಅಂದ್ರೆ ಫೇಮಸ್ ಹೆಸರಿಂದ ಶುರು ಮಾಡಿದ್ರೆ, ಕಾನರಿನೇ ಹೀರೋ ಅನ್ಸಿಬಿಡತ್ತೆ, ಅವ್ನಿಗೆ ಇಲ್ಲಿರೋದು ಚಿಕ್ಕ ಪಾತ್ರ.

ಕಥೆ ಇಷ್ಟೇ. ಹಾಲೆಟ್ಸ್ ಅಂತ ಒಂದು ಕಂಪನಿ, ಲಾರಿಯಲ್ಲಿ ಜಲ್ಲಿ ಸಾಗಿಸೋ ಕೆಲ್ಸ, ಟ್ರಿಪ್ ಲೆಕ್ಕದಲ್ಲಿ ದುಡ್ಡು. ಹಾಗಾಗಿ ಎಲ್ರೂ ಜೀವ ಕೈಯಲ್ಲಿ ಹಿಡ್ಕೊಂಡು ಓಡಿಸ್ತಾರೆ. ಒಂದೇ ದಿನಕ್ಕೆ 18 ಟ್ರಿಪ್ ಹೊಡೆದ ರೆಕಾರ್ಡ್ ಫೋರ್‌ಮನ್ ರೆಡ್ ಹೆಸರಲ್ಲಿದೆ, ಅದನ್ನ ಮುರಿದವನಿಗೆ ಚಿನ್ನದ ಸಿಗರೇಟ್ ಕೇಸ್ ಕೊಡ್ತೀನಿ ಅಂತ ಅವ್ನೇ ಆಸೆ ತೋರಿಸ್ತಾನೆ. ಜೈಲಿಂದ ಆಗಷ್ಟೇ ಹೊರಗೆ ಬಂದ ಟಾಮ್ ಅಲ್ಲಿಗೆ ಕೆಲ್ಸಕ್ಕೆ ಸೇರ್ತಾನೆ. ಇಷ್ಟು ತಲೆಯಲ್ಲಿ ಕೂತ್ರೆ ಅರ್ಧ ಕೆಲ್ಸ ಆಯ್ತು, ಯಾಕಂದ್ರೆ ಮಿಕ್ಕವರೆಲ್ಲ ಈ ಇಬ್ರ ಸುತ್ತಾನೇ ಬರೋದು.

ಈಗ ಲಾರಿ ನಂಬರ್ ಹಿಡ್ಕೊಳಿ. ಟಾಮ್‌ಗೆ ಸಿಗೋದು 13ನೇ ನಂಬರ್ ಗಾಡಿ, ನಟ ಸ್ಟ್ಯಾನ್ಲಿ ಬೇಕರ್. ಇಂಗ್ಲೆಂಡಲ್ಲಿ ಬೇಕರಿಯವನ ಡಜನ್ ಅಂದ್ರೆ 12 ಅಲ್ಲ 13, ಅಲ್ಲಿಗೆ ಬೇಕರ್ ಹೆಸರು ಜನ್ಮದಲ್ಲಿ ಮರೆಯಲ್ಲ. ಫೋರ್‌ಮನ್ ರೆಡ್‌ನ ಗಾಡಿ ನಂಬರ್ 1, ನಟ ಪ್ಯಾಟ್ರಿಕ್ ಮೆಗೂಹನ್. ಇವ್ನೇ 1967ರಲ್ಲಿ ದಿ ಪ್ರಿಸನರ್ ಅನ್ನೋ, ಜನರನ್ನ ಹೆಸರಿನ ಬದ್ಲು ನಂಬರಿಂದ ಕರೆಯೋ ಟಿವಿ ಸೀರೀಸಲ್ಲಿ ನಂಬರ್ 6 ಆಗಿದ್ದವ್ನು, ಅಲ್ಲಿ ನಂಬರ್ 1 ಯಾರು ನಂಬರ್ 1 ಯಾರು ಅಂತ ತಲೆ ಕೆಡಿಸ್ಕೊಂಡು ಓಡಾಡ್ತಾನೆ, ಹತ್ತು ವರ್ಷ ಹಿಂದಕ್ಕೆ ಬಂದು ಈ ಸಿನಿಮಾ ನೋಡಿದ್ರೆ ನಂಬರ್ 1 ಅವ್ನೇ! ಬಾಯಲ್ಲಿ ಸಿಗರೇಟ್ ನೇತಾಡಿಸ್ಕೊಂಡು, ಕಣ್ಣು ಕಿರಿದು ಮಾಡ್ಕೊಂಡು ಅವ್ನು ನೋಡೋ ನೋಟ ಇದ್ಯಲ್ಲ, ನನ್ನ ಕೇಳಿದ್ರೆ ಇಡೀ ಸಿನಿಮಾ ಅವ್ನೇ ಎತ್ಕೊಂಡು ಹೋಗಿದಾನೆ, ಬೇಕರ್ ಫ್ಯಾನ್ಸ್ ಬೇಜಾರು ಮಾಡ್ಕೋಬೇಡಿ.

ಆಮೇಲೆ ಜೀನೋ. ಎಲ್ರಿಗಿಂತ ಮೆದು ಮನಸ್ಸಿನವ್ನು, ಇಟಲಿಯವ್ನು, ದೈವಭಕ್ತ, ರೂಮಲ್ಲಿ ಮೇರಿ ಮಾತೆಯನ್ನ ಇಟ್ಕೊಂಡಿರ್ತಾನೆ, ಟಾಮ್‌ನ ಒಬ್ಬನೇ ದೋಸ್ತ್. ನಟ ಹರ್ಬರ್ಟ್ ಲಾಮ್, ಹುಟ್ಟಿದ್ದು ಪ್ರಾಗ್‌ನಲ್ಲಿ. ಪಿಂಕ್ ಪ್ಯಾಂಥರ್ ಸಿನಿಮಾಗಳಲ್ಲಿ ಪೆದ್ದ ಪೊಲೀಸ್ ಇನ್‌ಸ್ಪೆಕ್ಟರ್ ಕ್ಲೂಸೋ ಕಾಟಕ್ಕೆ ಕಣ್ಣು ಪಟಪಟ ಹೊಡ್ಕೊಂಡು ಹುಚ್ಚು ಹಿಡಿಸ್ಕೊಳ್ಳೋ ಬಾಸ್ ಡ್ರೇಫಸ್ ಇವ್ರೇ. ಇಲ್ಲಿ ಅಷ್ಟು ಶಾಂತವಾಗಿರೋ ಮನುಷ್ಯ ಅಲ್ಲಿ ಹಾಗೆ ಕಿರಿಚಾಡ್ತಾನೆ, ಆ ಎರಡು ಮುಖ ಪಕ್ಕಪಕ್ಕ ಇಟ್ಕೊಂಡ್ರೆ ಸಾಕು.

ಆಫೀಸ್ ಕಡೆ ಇಬ್ರು. ಮ್ಯಾನೇಜರ್ ಕಾರ್ಟ್ಲಿ ಅಂದ್ರೆ ವಿಲಿಯಂ ಹಾರ್ಟ್ನೆಲ್, 1963ರಲ್ಲಿ ಶುರುವಾದ ಡಾಕ್ಟರ್ ಹೂ ಟಿವಿ ಸೀರೀಸ್‌ನಲ್ಲಿ ಡಾಕ್ಟರ್ ಅನ್ನೋ ಹೀರೋ ಪಾತ್ರ ಮಾಡಿದ ಮೊದಲ ನಟ. ಇಲ್ಲಿ ಮಾತ್ರ ಪಕ್ಕಾ ಕಳ್ಳ, ಕಮ್ಮಿ ಡ್ರೈವರ್ ಇಟ್ಕೊಂಡು ಮಿಕ್ಕ ಸಂಬಳ ರೆಡ್ ಜೊತೆ ಸೇರಿ ನುಂಗೋದು ಅವ್ನ ಕಸುಬು (ಸಿನಿಮಾ ನೋಡದೆ ಇದ್ದವ್ರು ಈ ಸಾಲು ಓದಿಲ್ಲ ಅಂದ್ಕೊಳಿ). ಸೆಕ್ರೆಟರಿ ಲೂಸಿ ಅಂದ್ರೆ ಪೆಗ್ಗಿ ಕಮಿನ್ಸ್. ಜೀನೋ ಲೂಸಿ ಹಿಂದೆ, ಲೂಸಿ ಟಾಮ್ ಹಿಂದೆ, ಅದು ಹೇಗೆ ಮುಗಿಯತ್ತೆ ಅಂತ ಹೇಳಲ್ಲ.

ಎಲ್ರೂ ಜಾರಿ ಬೀಳೋ ಜಾಗ ಒಂದಿದೆ, ಅದೇ ಸ್ಕಾಟ್ಲೆಂಡ್ ಗೊಂದಲ. ಡ್ರೈವರ್‌ಗಳಲ್ಲಿ ಸ್ಕಾಟಿ ಅಂತ ಒಬ್ಬ ಇದಾನೆ, ತಕ್ಷಣ ಕಾನರಿ ಅಂದ್ಬಿಡ್ತಾರೆ, ಅಲ್ಲ. ಸ್ಕಾಟಿ ಅಂದ್ರೆ ಗ್ಲಾಸ್ಗೋದ ಗಾರ್ಡನ್ ಜ್ಯಾಕ್ಸನ್, ಮುಂದೆ ಅಪ್‌ಸ್ಟೇರ್ಸ್ ಡೌನ್‌ಸ್ಟೇರ್ಸ್ ಟಿವಿ ಸೀರೀಸ್‌ನಲ್ಲಿ ಬಟ್ಲರ್ ಹಡ್ಸನ್ ಆದವ್ರು. ಎಡಿನ್‌ಬರ್ಗ್‌ನ ಕಾನರಿ ಮಾಡಿರೋದು ಜಾನಿ ಅನ್ನೋ ಪಾತ್ರ, ಗುಂಪಲ್ಲಿ ಗೋವಿಂದ, ಬಾಂಡ್ ಆಗೋಕೆ ಇನ್ನೂ ಐದು ವರ್ಷ ಇತ್ತು. ಮೂರನೇ ಸ್ಕಾಟ್ ಡೇವಿಡ್ ಮೆಕ್ಯಾಲಮ್, ಇವ್ರೂ ಗ್ಲಾಸ್ಗೋದವ್ರೇ ಆದ್ರೆ ಲಾರಿ ಓಡಿಸಲ್ಲ, ಊರುಗೋಲು ಹಿಡ್ಕೊಂಡಿರೋ ಟಾಮ್‌ನ ತಮ್ಮ ಜಿಮ್ಮಿ. 1964ರ ಟಿವಿ ಸೀರೀಸ್ ದಿ ಮ್ಯಾನ್ ಫ್ರಮ್ ಅಂಕಲ್‌ನ ಗೂಢಚಾರ ಇಲ್ಯಾ, ಈಗಿನವ್ರಿಗೆ ಹೇಳ್ಬೇಕಂದ್ರೆ ಎನ್‌ಸಿಐಎಸ್ ಟಿವಿ ಸೀರೀಸ್‌ನ ಡಕ್ಕಿ ತಾತ. ಮೂವರು ಸ್ಕಾಟ್, ಸ್ಕಾಟಿ ಒಬ್ಬನೇ, ಇದನ್ನ ನಾಲ್ಕು ಸಲ ಜೋರಾಗಿ ಹೇಳ್ಕೊಳಿ.

ಮೆಕ್ಯಾಲಮ್ ನೆನಪಾದ ಕೂಡ್ಲೇ ಜಿಲ್ ಐರ್ಲೆಂಡ್ ಬಂದ್ಬಿಡ್ಬೇಕು, ಕೆಫೆಯಲ್ಲಿ ಕೆಲ್ಸ ಮಾಡೋ ಹುಡುಗಿ, ಪಾತ್ರದ ಹೆಸರೂ ಜಿಲ್ಲೇ, ಕಷ್ಟನೇ ಇಲ್ಲ. ಸಿನಿಮಾ ಬಂದ 1957ರಲ್ಲೇ ಇಬ್ರೂ ಮದುವೆ ಆದ್ರು. ಆಮೇಲೆ ಡೈವೋರ್ಸ್ ಆಗಿ ಜಿಲ್ 1968ರಲ್ಲಿ ಹಾಲಿವುಡ್ ನಟ ಚಾರ್ಲ್ಸ್ ಬ್ರಾನ್ಸನ್‌ನ ಮದುವೆಯಾದ್ರು.

ಇನ್ನು ಉಳಿದವ್ರು ಫಟಾಫಟ್. ಡಸ್ಟಿ ಅಂದ್ರೆ ಸಿಡ್ ಜೇಮ್ಸ್, ಕ್ಯಾರಿ ಆನ್ ಕಾಮಿಡಿಗಳ ಗೊಗ್ಗರು ನಗುವಿನ ಆಸಾಮಿ, ಧೂಳು ಹಿಡಿದ ಮುಖಕ್ಕೆ ಡಸ್ಟಿ ಹೆಸರು ಸರಿಯಾಗಿದೆ. ಟಿಂಕರ್ ಅಂದ್ರೆ ಆಲ್ಫಿ ಬ್ಯಾಸ್. ಗ್ಯಾರೇಜಲ್ಲಿರೋ ಮೆಕ್ಯಾನಿಕ್ ಎಡ್ ಅಂದ್ರೆ ವಿಲ್ಫ್ರಿಡ್ ಲಾಸನ್. ಡ್ರೈವರ್‌ಗಳಿಗೆ ರೂಮು ಕೊಟ್ಟಿರೋ ಮಾ ವೆಸ್ಟ್ ಅಂದ್ರೆ ಮಾರ್ಜರಿ ರೋಡ್ಸ್.

ಡೈರೆಕ್ಟರ್ ಹೆಸರೂ ಬೇಕು ಅನ್ನೋವ್ರಿಗೆ, ಸೈ ಎಂಡ್‌ಫೀಲ್ಡ್. ಹಾಲಿವುಡ್‌ನಲ್ಲಿ ಕಮ್ಯುನಿಸ್ಟ್ ಅಂತ ಬ್ಲ್ಯಾಕ್‌ಲಿಸ್ಟ್ ಆಗಿ, ಅಂದ್ರೆ ಕೆಲ್ಸ ಸಿಗದ ಹಾಗಾಗಿ, ಇಂಗ್ಲೆಂಡಿಗೆ ಬಂದ ಅಮೆರಿಕನ್. ಬೇಕರ್ ಜೊತೆ ಸೇರಿ 1964ರಲ್ಲಿ ಝುಲು ಅನ್ನೋ ಯುದ್ಧದ ಸಿನಿಮಾ ಮಾಡಿದ್ದೂ ಇವ್ರೇ, ಹಾಗಾಗಿ ಬೇಕರ್ ಹೆಸರಿನ ಬೆನ್ನಿಗೇ ಇವ್ರನ್ನ ಅಂಟಿಸಿಬಿಡಿ.

ಟೆಸ್ಟ್ ಮಾಡ್ಕೋಬೇಕಂದ್ರೆ ಎರಡನೇ ಸಲ ನೋಡುವಾಗ ಡ್ರೈವರ್‌ಗಳೆಲ್ಲ ಒಟ್ಟಿಗೆ ಕೂತಿರೋ ಕೆಫೆ ಸೀನ್‌ನಲ್ಲಿ ಪಾಜ್ ಮಾಡಿ ನಿಲ್ಲಿಸಿ, ಎಡಗಡೆಯಿಂದ ಒಬ್ಬೊಬ್ಬರ ಹೆಸರು ಹೇಳ್ತಾ ಬನ್ನಿ. ಒಬ್ಬನ ಹತ್ರ ತಡವರಿಸಿದ್ರೆ ನಟನ ಹೆಸರಿಗೆ ತಡಕಾಡ್ಬೇಡಿ, ಇವ್ನು ರೆಡ್ ಕಡೆಯವ್ನಾ ಟಾಮ್ ಕಡೆಯವ್ನಾ ಅಂತ ಕೇಳ್ಕೊಳಿ, ಹೆಸರು ಹಿಂದೇನೇ ಬರತ್ತೆ. ಪಾಪ್, ಟಬ್ ಇತ್ಯಾದಿ ಬಾಕಿ ಡ್ರೈವರ್‌ಗಳನ್ನ ಮಾಡಿದವ್ರ ಹೆಸರು ಬರ್ಲಿಲ್ಲ ಅಂದ್ರೆ ಬಿಟ್ಟಾಕಿ, ಅಷ್ಟು ಆಳಕ್ಕೆ ಯಾವ ಕ್ವಿಜ್ ಮಾಸ್ಟರೂ ಇಳಿಯಲ್ಲ.